ಹಿಂಡಿನ ಜೊತೆ ಹೋದ ಫೋನು

ನನ್ನ ಮಗ ಹಾಸಿಗೆಯಲ್ಲಿ ಬಿದ್ದುಕೊಂಡೇ ಕಾಲೇಜಿನ ಅರ್ಜಿ ತುಂಬಿದವನು. ಹರಪನಹಳ್ಳಿಯ ನಮ್ಮ ಮನೆಯಲ್ಲಿ ಮೂವರಿಗೆ ನಾಲ್ಕು ಫೋನು. ನಾಲ್ಕನೆಯದು, ಉಳಿದ ಮೂರೂ ಒಟ್ಟಿಗೇ ಕೆಟ್ಟರೆ ಎಂಬ ನನ್ನ ಭಯಕ್ಕೆ. ಆ ಸಂಜೆ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಹುಡುಗಿಯ ಮನೆಯಲ್ಲಿ ಐದು ಜನಕ್ಕೆ ಒಂದೇ ಫೋನು. ಅದು ಅವಳ ತಂದೆಯ ಜೇಬಿನಲ್ಲಿ, ಕುರಿಹಿಂಡಿನ ಜೊತೆ ಹಲವಾಗಲಿನ ಹೊಳೆದಂಡೆಯಲ್ಲಿತ್ತು.

ಅವಳು ನಾನು ಕಲಿಸುವ ಹಳ್ಳಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ್ದಳು. ಹಾಸ್ಟೆಲ್ ಸಿಕ್ಕರೆ ಪಿಯುಸಿ, ಸಿಗದಿದ್ದರೆ ಓದು ಅಲ್ಲಿಗೇ ನಿಂತಂತೆ. ಹಾಸ್ಟೆಲ್ ಅರ್ಜಿಗೆ ಅದೇ ಕೊನೆಯ ದಿನ, ಐದು ಗಂಟೆಯವರೆಗೆ. ನಾಲ್ಕೂ ನಲವತ್ತಕ್ಕೆ ಎಲ್ಲ ತುಂಬಿದೆವು. ಓಟಿಪಿ ಅವಳ ತಂದೆಯ ಫೋನಿಗೆ ಹೋಯಿತು. ಮೂರನೇ ಸಲ ಕರೆ ಮಾಡಿದಾಗ ಅವರು ಸಿಕ್ಕರು. ಈಗ ಬಂದಿರುವ ಆರು ಅಂಕಿ ಓದಿ ಹೇಳಿ ಎಂದೆ.

"ಹೇಳಂಗಿಲ್ರಿ," ಅಂದರು. "ನಾನ ಕೇಳಿದ್ರೂ ಕೊಡಬ್ಯಾಡ್ರಿ ಅಂತ ಸಾಲ್ಯಾಗ ಮಾಸ್ತರು ಹೇಳ್ಯಾರ."

ಹೇಳಿದ್ದೆ. ಪೋಷಕರ ಸಭೆಯಲ್ಲಿ, ಮುಕ್ಕಾಲು ಗಂಟೆ, ಯಾರೂ ಕೇಳದಿದ್ದರೂ. ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ನನ್ನ ಪಾಠ ಮನಸ್ಸಿಟ್ಟು ಕೇಳಿದವರು ಇವರೊಬ್ಬರೇ ಇರಬೇಕು. ನಾನೇ ಮಾತಾಡುತ್ತಿರುವುದು ಎಂದರೆ, ಕಳ್ಳರೂ ಹಂಗ ಅಂತಾರಲ್ಲ ಎಂದರು. ಅದೂ ನನ್ನದೇ ಪಾಠ.

ಆ ಓಟಿಪಿಯ ಅವಧಿ ಮುಗಿಯಿತು. ಇನ್ನೊಂದಕ್ಕೆ ಒತ್ತಿದೆ. ನಾಲ್ಕೂ ಐವತ್ತೆರಡು. ಹುಡುಗಿ ನನ್ನ ಕೈಯಿಂದ ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು. ಅವಳ ದನಿಯನ್ನೂ ಅವರು ನಂಬಲಿಲ್ಲ. ದನಿಯನ್ನೂ ನಕಲು ಮಾಡುತ್ತಾರೆಂದು ಹೆದರಿಸಿದವನು ಇನ್ಯಾರು?

"ಹಂಗಾರ ಹೇಳು, ಕಿವಿಹರಕ ಕುರಿಗೆ ಎಷ್ಟು ಮರಿ?"

"ಎರಡು ಹಾಕಿತ್ತು. ಒಂದು ಸತ್ತೋತು. ಇನ್ನೊಂದಕ್ಕ ಬಾಟ್ಲಿಲೆ ಹಾಲು ಕುಡಿಸಿದಾಕಿ ನಾನ. ನನ್ನ ಕೇಳಲಾರದ ನೀ ಅದನ್ನ ಮಾರಿದಿ."

ಅವರು ಫೋನು ಕಿವಿಯಿಂದ ತೆಗೆದು ನೋಡಿ, ಮತ್ತೆ ಕಿವಿಗಿಟ್ಟು, ಎರಡೆರಡೇ ಅಂಕಿ ಹೇಳಿದರು. ಪ್ರತಿ ಸಲವೂ ಕರೆ ಕಡಿದೇ ಹೋಯಿತೆಂದುಕೊಂಡೆ. ನಾಲ್ಕೂ ಐವತ್ತೇಳಕ್ಕೆ ಅರ್ಜಿ ಹೋಯಿತು.

ನಾನು ಉಸಿರು ಬಿಡುವಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಸೂಚನೆ: ಆಯ್ಕೆಯಾದರೆ ಇದೇ ಸಂಖ್ಯೆಗೆ ಸಂದೇಶ ಬರುತ್ತದೆ, ಎರಡು ದಿನದೊಳಗೆ ಒಪ್ಪಿಗೆ ಕೊಡದಿದ್ದರೆ ಸೀಟು ಬೇರೆಯವರಿಗೆ. ಅಷ್ಟರಲ್ಲಿ ಹಿಂಡು ಯಾವ ಊರಿಗೆ ಹೋಗಿರುತ್ತದೋ, ಅಲ್ಲಿ ಸಿಗ್ನಲ್ ಇರುತ್ತದೋ ಎಂದು ನಾನು ಹೊಸ ಚಿಂತೆ ಹಚ್ಚಿಕೊಂಡೆ. ಅವಳು ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

"ಫೋನ್ ಇದ್ದಲ್ಲಿಗೆ ನಾನ ಹೊಕ್ಕೀನ್ರಿ ಸರ. ಹಲವಾಗಲಿಗೆ ಬಸ್ ಎಷ್ಟಕ್ಕೈತಿ?"