ಮೂರನೆಯ ಸಲ ಕರೆದ ದನಿ

ಹಾನಗಲ್ಲಿಗೆ ಬಂದ ಮೊದಲ ಸಂಜೆ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು "ಗಂಗಮ್ಮನವರೇ" ಎಂದು ಕರೆದೆ. ಕದ ಅರ್ಧ ಮುಚ್ಚಿತ್ತು. ಸಂದಿಯಿಂದ ಪಡಸಾಲೆ ಕಾಣುತ್ತಿತ್ತು. ಬಲ್ಬಿನ ಕೆಳಗೆ ಮೂವರು ಹೆಂಗಸರು ಮೊರದಲ್ಲಿ ಕಾಳು ಆರಿಸುತ್ತ ಕೂತಿದ್ದರು. ನನ್ನ ದನಿ ಕೇಳಿದ್ದೇ ತಡ, ಮೂವರ ಕೈಯೂ ನಿಂತುಬಿಟ್ಟಿತು. ಬಾಗಿಲ ಕಡೆಗೇ ನೋಡಿದರು, ಆದರೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಇನ್ನೊಮ್ಮೆ ಕರೆದೆ. ಒಬ್ಬಾಕೆ ಇನ್ನೊಬ್ಬಾಕೆಯ ಮೊಣಕೈ ಹಿಡಿದುಕೊಂಡಳು. ನನಗೆ ನಿಜವಾಗಿಯೂ ಭಯವಾಯಿತು. ಬಸ್ ನಿಲ್ದಾಣಕ್ಕೆ ಹಿಂದಿರುಗೋಣವೆಂದುಕೊಂಡೇ ಮೂರನೆಯ ಸಲ ಕರೆದೆ. ತಕ್ಷಣ ಒಳಗಿನಿಂದ "ಓ, ಬರ್ರಿ ಬರ್ರಿ, ಮೈಸೂರಾವ್ರು ಹೌದಲ್ರಿ? ಹೊರಗ್ಯಾಕ ನಿಂತೀರಿ?" ಎಂದು ನಗುನಗುತ್ತ ಮನೆಯೊಡತಿ ಎದ್ದು ಬಂದರು. ಇಲ್ಲಿಯವರ ಬಾಯಲ್ಲಿ ಅವರು ಗಂಗವ್ವ. ಏನೂ ಆಗಿಯೇ ಇಲ್ಲವೆಂಬಂತೆ ಚಹಾ ಕೊಟ್ಟರು.

ನಮ್ಮ ಮೈಸೂರಿನ ಬೀದಿಯಲ್ಲಿ ಹೀಗಿಲ್ಲ. ಅಲ್ಲಿ ಗೇಟಿನ ಸದ್ದಾದರೆ ಸಾಕು, ಕರೆಯುವ ಮೊದಲೇ ಒಳಗಿನಿಂದ "ಬಂದೇ" ಅನ್ನುತ್ತಾರೆ. ಬಂದವರು ಯಾರು, ಯಾಕೆ ಬಂದರು ಅನ್ನುವುದೆಲ್ಲ ಆಮೇಲಿನ ಮಾತು.

ನಾನು ಇಲ್ಲಿಗೆ ಬಂದ ಕಾರಣವನ್ನು ಹೇಳಬೇಕು, ಯಾಕೆಂದರೆ ನನ್ನ ಅಮ್ಮನಿಗೇ ಅದು ಪೂರ್ತಿ ಅರ್ಥವಾಗಿಲ್ಲ. ಮೈಸೂರಿನ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ರಜೆಯಲ್ಲಿ ಯೂಎಕ್ಸ್ ಡಿಸೈನ್ ಎಂಬ ಕೋರ್ಸು ಮಾಡಿಕೊಂಡೆ. ಒಂದು ಆ್ಯಪನ್ನೋ ಯಂತ್ರವನ್ನೋ ಜನ ಬಳಸುವಾಗ ಎಲ್ಲಿ ತಡವರಿಸುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಿ, ಅದನ್ನು ಅವರಿಗೆ ಹೊಂದುವಂತೆ ತಿದ್ದುವ ಕೆಲಸ ಅದು. ಬೆಂಗಳೂರಿನ ಒಂದು ಸಣ್ಣ ಸಂಸ್ಥೆ ಒಂದು ವರ್ಷದ ಮಟ್ಟಿಗೆ ಕೆಲಸ ಕೊಟ್ಟಿತು. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಬಸುರಿಯರಿಗೆ ಅವರ ಯಂತ್ರ ಸಂಜೆ ಫೋನು ಮಾಡಿ ಆರೋಗ್ಯ ವಿಚಾರಿಸುತ್ತಿತ್ತು. ಬಸುರಿ ಹೇಳಿದ್ದರಲ್ಲಿ ಅಪಾಯದ ಸುಳಿವಿದ್ದರೆ ಹತ್ತಿರದ ಆಸ್ಪತ್ರೆಗೆ ಸುದ್ದಿ ಹೋಗುತ್ತಿತ್ತು. ತೊಂದರೆಯೆಂದರೆ, ಹೆಂಗಸರು ಫೋನು ಎತ್ತುತ್ತಿದ್ದರು, ಮಾತಾಡುತ್ತಿರಲಿಲ್ಲ. ಯಾಕೆಂದು ಕಂಡುಹಿಡಿಯಲು ನನ್ನನ್ನು ಕಳಿಸಿದ್ದರು.

"ಜನ ಫೋನ್ ಹೇಗೆ ಹಿಡ್ಕೋತಾರೆ ಅಂತ ನೋಡೋದಕ್ಕೆ ಸಂಬಳ ಕೊಡ್ತಾರೇನೇ?" ಎಂದು ಅಮ್ಮ ಕೇಳಿದ್ದಳು. "ಇಲ್ಲಿ ಪರ್ಮನೆಂಟ್ ಮಾಡ್ತೀವಿ ಅಂತ ಹೆಡ್‌ಮಿಸ್ಟ್ರೆಸ್ ಹೇಳಿದ್ದಾರೆ ಕಣೆ. ಜೂನ್‌ವರೆಗೂ ಕಾಯ್ತಾರಂತೆ. ಕೈಲಿರೋದನ್ನ ಬಿಟ್ಟು ಗಾಳಿ ಹಿಡಿಯೋಕೆ ಹೋಗ್ಬೇಡ." ಅಮ್ಮ ಹೇಳಿದ್ದು ತಪ್ಪೆಂದು ಅನ್ನಿಸಲಿಲ್ಲ. ಜೂನ್ ಒಳಗೆ ನಾನು ಟೀಚರೋ ಡಿಸೈನರೋ ಎಂದು ತೀರ್ಮಾನಿಸಬೇಕಿತ್ತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಿಧಾನಕ್ಕೆ ಒಗ್ಗಿಕೊಂಡೆ. ಮುದ್ದೆಯ ಜಾಗಕ್ಕೆ ರೊಟ್ಟಿ ಬಂತು. ಸವಣೂರಿನ ಖಾರಾ ಒಂದು ಪೊಟ್ಟಣ ಸದಾ ಚೀಲದಲ್ಲಿರತೊಡಗಿತು. ಗಂಗವ್ವ ನನ್ನ ಅನ್ನದ ತಟ್ಟೆ ನೋಡಿ "ಅನ್ನಾ ಉಂಡ್ರ ಎಷ್ಟೊತ್ತು ಇರ್ತೈತ್ರಿ ಹೊಟ್ಟ್ಯಾಗ?" ಎಂದು ಕಾಡುತ್ತಿದ್ದರು. ಮಾತಿನ ವಿಷಯದಲ್ಲಿ ಮಾತ್ರ ಪೇಚಾಟ ತಪ್ಪಲಿಲ್ಲ. ನಮ್ಮ ಕಡೆಯ "ಬನ್ನಿ, ಕೂತ್ಕೊಳ್ಳಿ" ಇಲ್ಲಿಯವರಿಗೆ ಪುಸ್ತಕ ಓದಿದಂತೆ ಕೇಳುತ್ತದೆ. ನಾನು ಬಾಯಿ ತೆರೆದರೆ ಮಕ್ಕಳು ಕಿಸಕ್ಕೆಂದು ನಗುತ್ತಿದ್ದವು. ಬಸ್ಸಿನಲ್ಲಿ ಶಿಗ್ಗಾಂವದಿಂದ ಹಿಂದಿರುಗುವಾಗ ಬಂಕಾಪುರದ ಹತ್ತಿರ ಕೋಟೆಯ ಕಡೆಯಿಂದ ನವಿಲು ಕೂಗುವುದು ಕೇಳಿಸುತ್ತಿತ್ತು. ನವಿಲಿನ ಕೂಗು ಇಷ್ಟು ಮನುಷ್ಯರ ಹಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾರೋ ಯಾರನ್ನೋ ಹುಡುಕುತ್ತಿರುವಂತೆ ಕೇಳುತ್ತಿತ್ತು. ಅಂಥ ಸಂಜೆಗಳಲ್ಲಿ ಮನೆ ನೆನಪಾಗಿ ಅಳು ಬರುತ್ತಿತ್ತು.

ಕೆಲಸಕ್ಕೆಂದು ಮೊದಲು ಕೂತದ್ದು ಸವಣೂರಿನ ಒಂದು ಮನೆಯಲ್ಲಿ. ದೀಪ ಹಚ್ಚುವ ಹೊತ್ತು. ಹಗಲಲ್ಲಿ ಫೋನು ಗಂಡನ ಕಿಸೆಯಲ್ಲಿ ಹೊಲದಲ್ಲಿರುತ್ತದೆ, ಹಾಗಾಗಿ ಹೆಂಗಸಿನ ಕೈಗೆ ಅದು ಸಿಗುವುದೇ ಆಗ. ಫೋನು ಬಂತು. ಬಸುರಿ ಎತ್ತಿದಳು. ಒಳಗಿನಿಂದ ಮೆತ್ತನೆಯ ಹೆಣ್ಣುದನಿ ಅವಳ ಹೆಸರು ಹಿಡಿದು ಕರೆದು ಕಾಯಿತು. ಇವಳು ಉಸಿರು ಬಿಗಿಹಿಡಿದು ಕೂತಳು. ಅವಳ ಅತ್ತೆ ಕಣ್ಣಿನಲ್ಲೇ ಬೇಡವೆಂದು ಸನ್ನೆ ಮಾಡಿದಳು. ಯಂತ್ರ ಕೊಂಚ ಕಾದು ಫೋನಿಟ್ಟಿತು. ಆ ಮೌನವನ್ನು ನಾನು ಮೊದಲೇ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಹಾನಗಲ್ಲಿಗೆ ಬಂದು ಗಂಗವ್ವನನ್ನು ಕೇಳಿದೆ.

"ದೀಪಾ ಹಚ್ಚೂ ಹೊತ್ತಿನ್ಯಾಗ ಹೆಸರು ಹಿಡಿದು ಯಾರರ ಕರೆದ್ರ ಒಮ್ಮಿಗೇ ಓ ಅನ್ನಬಾರದ್ರಿ," ಎಂದರು ಗಂಗವ್ವ. "ಸತ್ತವ್ರು ಒಂದ ಸಲ ಕರೀತಾರ, ಭಾಳ ಅಂದ್ರ ಎರಡ ಸಲ. ಮೂರನೇದ್ದಕ್ಕ ಅವ್ರ ಕಡೆ ಆಗೂದಿಲ್ಲ. ಜೀವಂತ ಮನಷ್ಯಾರು ಮೂರನೇ ಸಲನೂ ಕರೀತಾರ. ಆವಾಗ ಓ ಅನ್ನೂದು. ನಮ್ಮವ್ವ ನನಗ ಹೇಳಿದ್ದು, ನಾನು ನನ್ನ ಸೊಸಿಗೆ ಹೇಳೇನಿ."

ನನ್ನ ಖುಷಿಗೆ ಪಾರವಿರಲಿಲ್ಲ. ಬೆಂಗಳೂರಿನಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಇಲ್ಲಿಯವರಿಗೆ ಆಸಕ್ತಿಯಿಲ್ಲ ಎಂದು ತಲೆ ಕೆಡಿಸಿಕೊಂಡು, ಈ ತಾಲ್ಲೂಕುಗಳಲ್ಲಿ ಫೋನು ನಿಲ್ಲಿಸಿಬಿಡುವ ಮಾತೂ ಆಗಿತ್ತು. ಪರಿಹಾರ ಇಷ್ಟು ಸುಲಭ! ನಮ್ಮ ತಂಡದ ಹಿರಿಯ ರಘು ಅವರಿಗೆ ಫೋನು ಮಾಡಿ, ಯಂತ್ರ ಹೆಸರನ್ನು ಮೂರು ಸಲ ಕರೆಯುವಂತೆ ಮಾಡಿ ಎಂದೆ. ಮರುವಾರದಿಂದಲೇ ಹೆಂಗಸರು ಓಗೊಡತೊಡಗಿದರು. ಬೀಗುತ್ತ ಗಂಗವ್ವನಿಗೆ ಸುದ್ದಿ ಹೇಳಿದೆ. ಅವರು ನಗಲಿಲ್ಲ.

"ಅದು ಮನಷ್ಯಾ ಅಲ್ಲಲ್ರಿ," ಎಂದರು. "ಅದಕ್ಕ ಮೂರ ಸಲ ಕರಿಯಾಕ ಕಲಿಸಿ ಬಂದ್ರೇನು? ಗುರುತು ಹಿಡಿಯಾಕ ನಮಗ ಇದ್ದದ್ದು ಅದೊಂದ ಆಗಿತ್ತು. ಅದನ್ನೂ ಕೊಟ್ಟ ಬಂದ್ರಿ."

ಹಳೆಯ ಕಾಲದವರು, ಹೆದರುತ್ತಾರೆ ಎಂದುಕೊಂಡು ಸುಮ್ಮನಾದೆ.

ಆಮೇಲೆ ಹಿರೇಕೆರೂರಿಗೆ ಹೋದೆ. ರೇಣವ್ವ ಎಂಬ ಬಸುರಿಯ ಮನೆ, ಕಟ್ಟೆಯ ಮೇಲೆ ಗೋವಿನಜೋಳದ ಚೀಲಗಳು. ಹೆಚ್ಚು ಮಾತಿಲ್ಲದ ಹೆಣ್ಣು. "ಆರಾಮ್ ಅದೀನ್ರಿ" ಎನ್ನುವುದರ ಹೊರತು ನನಗೆ ಏನೂ ಹೇಳಲಿಲ್ಲ. ಫೋನು ಬಂತು. ದನಿ "ರೇಣವ್ವಾ" ಎಂದಿತು. ಅವಳ ಮುಖದ ಬಣ್ಣ ಇಳಿಯಿತು. ಎರಡನೆಯ ಸಲ ಕರೆಯಿತು. ಮೂರನೆಯದಕ್ಕೆ ಅವಳು "ಓ ಅಕ್ಕಾರ" ಎಂದಳು. ಆಮೇಲೆ ಕಟ್ಟೆ ಒಡೆದಂತೆ ಮಾತಾಡಿದಳು. ಕಾಲು ಬಾತಿದೆ, ತಲೆ ಸಿಡಿಯುತ್ತದೆ, ಕಣ್ಣಿಗೆ ಮಬ್ಬು ಬರುತ್ತದೆ. ಗಂಡನಿಗೂ ಹೇಳಿರಲಿಲ್ಲವಂತೆ. ಅದೇ ಸಂಜೆ ಆಸ್ಪತ್ರೆಗೆ ಕರೆದೊಯ್ದೆವು. ರಕ್ತದೊತ್ತಡ ಏರಿತ್ತು. ಇನ್ನೂ ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು. ಹೆರಿಗೆ ಆಯಿತು, ಹೆಣ್ಣುಮಗು. ನಾನು ಆಸ್ಪತ್ರೆಯ ಹೊರಗೆ ನಿಂತು ಸಂತೋಷಕ್ಕೆ ಅತ್ತುಬಿಟ್ಟೆ. ಟೀಚರ್ ಕೆಲಸ ಬೇಡವೆಂದು ಆಗಲೇ ಅಮ್ಮನಿಗೆ ಹೇಳಿಬಿಡಬೇಕೆಂದಿದ್ದೆ.

ಮರುದಿನ ರೇಣವ್ವನನ್ನು ನೋಡಲು ಹೋದಾಗ, "ನನಗ ಏನೂ ಹೇಳಲಿಲ್ಲ, ಫೋನಿಗೆ ಎಲ್ಲಾ ಹೇಳಿದ್ರಲ್ಲ?" ಎಂದು ಛೇಡಿಸಿದೆ.

"ನೀವು ಹೊಸಬ್ರು. ಅವ್ರು ನಮ್ಮ ನರ್ಸಕ್ಕಾರು. ನನ್ನ ಮೊದಲನೇ ಕೂಸಿಗೂ ಅವ್ರ ಬಂದಿದ್ರು," ಎಂದಳು. ಮಗುವಿನ ಕುಲಾವಿ ಸರಿಮಾಡಿದಳು. "ಹ್ವಾದ ವರ್ಷ ಅವ್ರ ಮಣ್ಣಿಗೆ ನಾನೂ ಹೋಗಿದ್ದೆ. ಒಂದ ಸಲ ಕರದಾಗ ಅಂಜಿಕಿ ಬಂತ್ರಿ. ಮೂರನೇ ಸಲನೂ ಕರದ್ರು. ಹಂಗಾರ ಅವ್ರು ಇಲ್ಲೇ ಅದಾರ ಅಂತ ತಿಳೀತು."

ಮಣ್ಣು ಎಂದರೆ ಇಲ್ಲಿ ಅಂತ್ಯಸಂಸ್ಕಾರ. ಅವಳು ಅದನ್ನು ಹೇಳಿದ ರೀತಿಯಲ್ಲಿ ದುಃಖವಾಗಲಿ ಭಯವಾಗಲಿ ಇರಲಿಲ್ಲ. ಸಂತೆಗೆ ಹೋದವರು ಮನೆಗೆ ಬಂದರು ಅನ್ನುವಷ್ಟು ಸಹಜವಾಗಿ ಹೇಳಿದಳು.

ರಘು ಅವರನ್ನು ಕೇಳಿದೆ. ನಿಜ. ದನಿ ಹಿರೇಕೆರೂರಿನ ಒಬ್ಬ ನರ್ಸ್ ಅವರದು. ಆಕೆ ಬದುಕಿದ್ದಾಗ ಒಪ್ಪಿ, ಓದಿ ದನಿ ಮುದ್ರಿಸಿಕೊಟ್ಟಿದ್ದರು. ಆ ದನಿಯ ಮಾದರಿಯಿಂದ ಕಂಪ್ಯೂಟರು ಈಗ ಯಾವ ಹೆಸರನ್ನಾದರೂ ಕರೆಯಬಲ್ಲದು. ಆಕೆ ತೀರಿಕೊಂಡ ಮೇಲೆ ಮನೆಯವರೂ ಇರಲಿ ಎಂದಿದ್ದರಂತೆ. "ಆ ದನಿ ಇದ್ದದ್ದಕ್ಕೇ ಒಂದು ಜೀವ ಉಳಿಯಿತು. ಅದನ್ನು ತೆಗೆದು ನಾಳೆ ಇನ್ನೊಬ್ಬಳು ಬಾಯಿ ಬಿಡದಿದ್ದರೆ?" ಎಂದು ಕೇಳಿದರು.

ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ ಇರಬೇಕು. ಇರುವವರನ್ನೂ ಇಲ್ಲದವರನ್ನೂ ಬೇರೆ ಮಾಡಲು ಈ ಹೆಂಗಸರು ಇಟ್ಟುಕೊಂಡಿದ್ದ ಒಂದು ಅಳತೆಯನ್ನು ನಾನು ಅವರಿಂದಲೇ ಕೇಳಿ ತಿಳಿದು ಮುರಿದಿದ್ದೆ. ಸತ್ತವಳೊಬ್ಬಳಿಗೆ ಮೂರನೆಯ ಕರೆ ಕೊಟ್ಟಿದ್ದೆ. ಸಂಜೆಯಾದರೆ ನಾಲ್ಕು ತಾಲ್ಲೂಕುಗಳ ಮನೆಮನೆಯಲ್ಲೂ ಅವಳು ಮಾತಾಡುತ್ತಿದ್ದಾಳೆ ಎಂಬ ಯೋಚನೆಗೆ ಒಬ್ಬಳೇ ಕೋಣೆಯಲ್ಲಿ ಕೂರಲಾಗದೆ, ಗಂಗವ್ವನ ಪಡಸಾಲೆಗೆ ಹೋಗಿ ಕೂರುತ್ತಿದ್ದೆ. ಶಾಲೆಗೆ ಹಿಂದಿರುಗಿ ಮಕ್ಕಳಿಗೆ ಹೂವು ಹಣ್ಣು ಬರೆಸಿಕೊಂಡಿರುವುದು ಎಷ್ಟು ನೆಮ್ಮದಿ ಅನ್ನಿಸಿತು. ಅಮ್ಮನ ಫೋನು ಬಂತು. ಜೂನ್ ಬಂದೇಬಿಟ್ಟಿತ್ತು. ಗಂಗವ್ವನ ಮುಂದೆ ಎಲ್ಲ ಹೇಳಿಕೊಂಡೆ.

"ಹೋಗೂದಾದ್ರ ಹೋಗ್ರಿ," ಎಂದರು ಗಂಗವ್ವ. "ಆದ್ರ ಕರಿಯೂದನ್ನ ಹಂಗ ಬಿಟ್ಟ ಹೋಗಬ್ಯಾಡ್ರಿ. ಕರೆದವ್ರು ಯಾರು ಅಂತ ಕೇಳಿದ್ರ, ನಾನು ಅನ್ನಾಕ ಒಬ್ರು ಬೇಕಲ್ಲ."

ಅದೇ ಮಾತು ನನ್ನನ್ನು ಇಲ್ಲಿ ಉಳಿಸಿತು. ಅಮ್ಮನಿಗೆ ಶಾಲೆಯ ಕೆಲಸ ಬೇಡವೆಂದೆ. ರಘು ಅವರಿಗೆ, ಆ ದನಿ ತೆಗೆಯಿರಿ, ಬದಲಿಗೆ ನನ್ನದನ್ನು ಹಾಕಿ ಎಂದೆ. ಮೊದಲಿಗೆ ಇದು ಯಂತ್ರದ ಕರೆ ಎಂದು ನಾನೇ ಹೇಳುತ್ತೇನೆ, ಆಮೇಲೆ ಹೆಸರು ಕರೆಯುತ್ತೇನೆ. "ನಿಮ್ಮ ಮೈಸೂರು ಕನ್ನಡಕ್ಕೆ ಯಾರು ಓ ಅಂತಾರೆ?" ಎಂದು ನಕ್ಕರು. ಗಂಗವ್ವ ಎದುರು ಕೂತು ತಿದ್ದಿದರು. ದಿನಗಟ್ಟಲೆ "ಹೆಂಗದೀರಿ, ಊಟ ಆತೇನ್ರಿ" ಎಂದು ಒದರಿ ಗಂಟಲು ಕಟ್ಟಿತು.

ಓ ಅನ್ನುವವರು ಕಡಿಮೆಯಾದರು, ಅದು ನಿಜ. ಮಾತಾಡದ ಮನೆಗಳಿಗೆ ಈಗ ನಾನೇ ಬಸ್ಸು ಹತ್ತಿ ಹೋಗುತ್ತೇನೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಬಂದರೆ ಮುಂದಿನ ಸಂಜೆ ಅಲ್ಲಿಂದ ಉತ್ತರ ಬರುತ್ತದೆ. ರೇಣವ್ವನ ಮನೆಗೂ ಹೋಗಿ, ಅದು ಯಂತ್ರ ಮಾಡಿದ ದನಿಯಾಗಿತ್ತು ಎಂದು ಬಿಡಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡಳು.

"ಹಂಗಾರ ಅಕ್ಕಾರು ಇನ್ನ ಕರಿಯಾಂಗಿಲ್ಲೇನ್ರಿ?" ಎಂದಳು. ಇಲ್ಲ ಎಂದೆ. ಅವಳು ಎದ್ದು ಒಳಗೆ ಹೋದಳು. ಆ ಸಂಜೆ ಅವಳು ಅಳುವುದನ್ನು ಹೊರಗೆ ಕೂತು ಕೇಳಿಸಿಕೊಂಡೆ.

ಹಬ್ಬಕ್ಕೆ ಮೈಸೂರಿಗೆ ಹೋಗಿದ್ದೆ. ಅಮ್ಮನಿಗೆ ನನ್ನ ಮಾತೇ ಬದಲಾಗಿದೆಯಂತೆ. "ಫೋನಲ್ಲಿ ಬೇರೆ ಯಾರೋ ಅನ್ಸುತ್ತೆ ಕಣೆ" ಎಂದಳು. ಹಾನಗಲ್ಲಿನಲ್ಲಿ ನಾನು ಇನ್ನೂ ಮೈಸೂರಾವ್ರೇ. ದೀಪ ಹಚ್ಚುವ ಹೊತ್ತಿಗೆ ಅಮ್ಮನ ಜೊತೆ ಅಲಸಂದೆಕಾಯಿ ಬಿಡಿಸುತ್ತಿದ್ದಾಗ ಥಟ್ಟನೆ ಹೊಳೆಯಿತು. ಇದೇ ಗಳಿಗೆಯಲ್ಲಿ ನನ್ನ ದನಿ ಹಿರೇಕೆರೂರಿನ ಯಾವುದೋ ಪಡಸಾಲೆಯಲ್ಲಿ ಯಾರನ್ನೋ ಕರೆಯುತ್ತಿದೆ, ಯಾರೋ ಅದಕ್ಕೆ ಓ ಅನ್ನುತ್ತಿದ್ದಾರೆ. ನಾನು ಸತ್ತರೂ ಅದು ಹೀಗೇ ಕರೆಯುತ್ತಿರುತ್ತದೆ.

ಹಿಂದಿರುಗಿದವಳೇ ರಘು ಅವರಿಗೆ ಹೇಳಿದೆ. ನಾನು ಸತ್ತ ದಿನವೇ ಈ ದನಿಯನ್ನು ನಿಲ್ಲಿಸಬೇಕು, ಒಂದು ಸಂಜೆಯೂ ಹೆಚ್ಚಿಗೆ ಕರೆಯಬಾರದು. ಈ ಸಲ ಅವರು ನಗಲಿಲ್ಲ.

"ಆಗಲಿ. ಆದರೆ ನಿಮ್ಮ ಸಾವಿನ ಸುದ್ದಿ ಮೊದಲು ಮುಟ್ಟುವುದು ಯಾರಿಗೆ? ಅವರ ಹೆಸರು ಹೇಳಿ, ಅವರೇ ನಮಗೆ ತಿಳಿಸಲಿ," ಎಂದರು.

ಅಮ್ಮನ ಹೆಸರು ಹೇಳಲು ಬಾಯಿ ತೆರೆದೆ. ಗಂಗವ್ವನ ಹೆಸರು ಅಡ್ಡ ಬಂತು. ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ. ಮಳೆಗಾಲ ಕಳೆಯಿತು, ಇನ್ನೂ ಹೇಳಿಲ್ಲ.