ತಂಗಿಯ ಕಾರು, ನನ್ನ ಟೋಕನ್

ಎರಡು ರಾತ್ರಿಯ ಪ್ರಯಾಣ ಮುಗಿಸಿ ರೈಲು ದೆಹಲಿ ಮುಟ್ಟಿದಾಗ ಜನವರಿಯ ಮಂಜು ಇನ್ನೂ ಕರಗಿರಲಿಲ್ಲ. ತಂಗಿಯ ಕಾರಿನಲ್ಲಿ ದೆಹಲಿ ಸುತ್ತಿ ಬರುತ್ತೇನೆಂದು ದಾವಣಗೆರೆಯಲ್ಲಿ ಅಕ್ಕಪಕ್ಕದ ಮನೆಯವರಿಗೆಲ್ಲ ಸಾರಿ ಬಂದಿದ್ದೆ. ಕಾರು ಕೊಂಡಾಗ ಸುಮಾ ಕಳಿಸಿದ್ದ ಫೋಟೊ ನೋಡಿ ನನಗೆ ಹೊಟ್ಟೆ ಉರಿದಿತ್ತು. ನಮ್ಮ ಯಜಮಾನರದು ಹಳೆಯ ಸ್ಕೂಟರ್. ನಾನು ಎಲ್ಲಿಗೆ ಹೋಗಬೇಕಾದರೂ ಅವರಿಗೆ ಬಿಡುವಾಗುವವರೆಗೆ ಕಾಯಬೇಕು.

ಕರೆಯಲು ಬಂದ ಸುಮಾ ಆಟೊ ಹತ್ತಿಸಿದಳು. ಜನಕಪುರಿಯ ಮನೆ ಮುಂದೆ ಕಾರೇನೋ ಇತ್ತು, ಮೈತುಂಬ ಹೊದಿಕೆ ಹೊದ್ದುಕೊಂಡು. ಅವಳ ಗಂಡ ರಘುನಾಥ ಕೇಂದ್ರ ಸರ್ಕಾರದ ಅಧಿಕಾರಿ. ಕಾರು ಬಿಟ್ಟು ಬಸ್ಸು, ಮೆಟ್ರೊ ಹತ್ತಿ ಎಂದು ಜನರಿಗೆ ಹೇಳುವುದೇ ಅವರ ಕಚೇರಿಯ ಕೆಲಸವಂತೆ.

“ಊರಿಗೆಲ್ಲ ಹೇಳಿ ನಾನೇ ಕಾರಲ್ಲಿ ಓಡಾಡಿದ್ರೆ ಚೆನ್ನಾಗಿರುತ್ತಾ ಅಕ್ಕಾ?” ಎಂದರು, ಚಹಾ ಕುಡಿಯುತ್ತ.

ಇದ್ದೂ ಬಳಸದವರನ್ನು ಕಂಡು ನನ್ನ ಉರಿ ಇನ್ನಷ್ಟು ಹೆಚ್ಚಿತು.

ಮರುದಿನ ಕನಾಟ್ ಪ್ಲೇಸ್ ನೋಡಲು ಸುಮಾ ಜೊತೆ ಮೆಟ್ರೊ ನಿಲ್ದಾಣಕ್ಕೆ ನಡೆದೆ. ಅವಳು ಪ್ಲಾಸ್ಟಿಕ್ಕಿನ ದುಂಡನೆಯ ಟೋಕನ್ ಕೊಂಡು ನನ್ನ ಕೈಗಿಟ್ಟಳು.

“ನೀನೇ ಇಟ್ಕೊಳ್ಳೇ,” ಎಂದು ಅದನ್ನು ಅವಳ ಪರ್ಸಿಗೇ ಹಾಕಿದೆ. ನಮ್ಮಲ್ಲಿ ಟಿಕೆಟ್ ಇರುವುದು ಕರೆದುಕೊಂಡು ಹೋಗುವವರ ಹತ್ತಿರ. ಮದುವೆಯಾದಾಗಿನಿಂದ ನಾನು ಟಿಕೆಟ್ ಹಿಡಿದವಳೇ ಅಲ್ಲ. ಸುಮಾ ತನ್ನ ಕಾರ್ಡು ತೋರಿಸಿ ಒಳಗೆ ಹೋದಳು. ಅವಳ ಬೆನ್ನಿಗೇ ನಾನೂ ಹೆಜ್ಜೆಯಿಟ್ಟೆ, ಗೇಟು ಮುಚ್ಚಿಕೊಂಡಿತು. ಹಿಂದಿದ್ದವರು “ಚಲೋ ಆಂಟೀಜಿ, ಚಲೋ” ಎಂದು ಗದ್ದಲವೆಬ್ಬಿಸಿದರು.

“ಅಕ್ಕಾ, ಇಲ್ಲಿ ಅವರವರ ಟೋಕನ್ ಅವರವರ ಕೈಲೇ ಇರ್ಬೇಕು,” ಎಂದು ಸುಮಾ ನಗುತ್ತ ಗೇಟಿನಾಚೆಯಿಂದ ಟೋಕನ್ ಚಾಚಿದಳು.

ಚಿಕ್ಕವಳಿದ್ದಾಗ ನಮ್ಮೂರ ಪಿ.ಬಿ. ರಸ್ತೆ ದಾಟಲು ಹೆದರಿ ನನ್ನ ಸೆರಗು ಹಿಡಿಯುತ್ತಿದ್ದವಳು ಇವಳು. ಈಗ ಮೆಟ್ರೊ ಇಳಿದು ಬಸ್ಸು ಹತ್ತಿ ಹೌಜ್ ಖಾಸ್‌ನ ಗೆಳತಿಯ ಮನೆಗೆ ಒಬ್ಬಳೇ ಹೋಗಿ ಬರುತ್ತಾಳೆ, ಯಾರನ್ನೂ ಕಾಯುವುದಿಲ್ಲ. ಕಾರಿನ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಆ ದಿನ ಪೂರ್ತಿಯಾಗಿ ಅವಳ ಮೇಲೆ ತಿರುಗಿತು.

ಹೊರಡುವ ದಿನ ಲಗೇಜು ಹೆಚ್ಚಿದೆಯೆಂದು ರಘುನಾಥ ಕಾರಿನ ಹೊದಿಕೆ ತೆಗೆದರು. ಕೊನೆಗೂ ಮುಂದಿನ ಸೀಟಿನಲ್ಲಿ ಜಂಬದಿಂದ ಕುಳಿತೆ. ಪಟೇಲ್ ನಗರದ ಹತ್ತಿರ ಕಾರು ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡಿತು. ತಲೆಯ ಮೇಲೆ ಮೆಟ್ರೊ ಹಾಯಾಗಿ ಹಾದುಹೋಯಿತು. ಎಲ್ಲಿ ರೈಲು ತಪ್ಪೀತೋ ಎಂಬ ಆತಂಕದಲ್ಲಿ ಅದರೊಳಗೆ ನಿಂತಿದ್ದವರ ಮೇಲೂ ಹೊಟ್ಟೆ ಉರಿದುಕೊಂಡೆ.

“ಕಾರಿನ ಸುಖ ನೋಡಿದ್ರಲ್ಲ ಅಕ್ಕಾ!” ರಘುನಾಥ ಕಿಚಾಯಿಸಿದರು.

ರೈಲು ಸಿಕ್ಕಿತು. ದಾವಣಗೆರೆಯಲ್ಲಿ ಯಜಮಾನರು ಸ್ಕೂಟರ್ ತಂದು ಕಾಯುತ್ತಿದ್ದರು.

“ಹತ್ತು, ಹೊತ್ತಾಯ್ತು,” ಎಂದರು.

ಚೀಲಗಳನ್ನು ಸ್ಕೂಟರಿನ ಮೇಲಿಟ್ಟೆ. “ಇವನ್ನ ತಗೊಂಡು ನೀವು ನಡೀರಿ. ನಾನು ಸಿಟಿ ಬಸ್ಸಲ್ಲಿ ಬರ್ತೀನಿ.”

“ಯಾವ ಬಸ್ಸು ಅಂತ ಗೊತ್ತಾ ನಿಂಗೆ?”

“ಕೇಳ್ಕೊಂಡು ಬರ್ತೀನಿ.”

ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟ. ಮನೆ ಮುಟ್ಟುವವರೆಗೂ ಅದನ್ನು ಮುಷ್ಟಿಯಿಂದ ಬಿಡಲಿಲ್ಲ.