ಶುಕ್ರವಾರದ ಗಂಟೆ

ಗಂಟೆ ಸದ್ದು ಕೇಳಿದರೆ ನಾನು ಕೈ ಮುಗಿಯುವುದಿಲ್ಲ. ದೇವಸ್ಥಾನದ್ದಾದರೂ ಅಷ್ಟೆ, ಮನೆಯದ್ದಾದರೂ ಅಷ್ಟೆ. ನಾಸ್ತಿಕ ಎನ್ನುವವರು ಎನ್ನಲಿ, ಮುದುಕನಿಗೆ ಕೊಬ್ಬು ಎನ್ನುವವರೂ ಎನ್ನಲಿ. ಸೊಸೆ ಮಂಗಳಾರತಿ ತಟ್ಟೆ ಹಿಡಿದು ಗಂಟೆ ಅಲ್ಲಾಡಿಸಿದರೆ ಎದ್ದು ಹಿತ್ತಲಿಗೆ ಹೋಗುತ್ತೇನೆ. ಯಾಕೆಂದು ಅವಳು ಒಮ್ಮೆ ಕೇಳಿದಳು. ಬಾಯಲ್ಲಿ ಹೇಳಹೋದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾನು ಹುಣಸೂರಿನಲ್ಲಿ ವೈರ್‌ಮನ್ ಆಗಿದ್ದೆ. ರಾಜ್ಯ ಒಂದಾದ ವರ್ಷವೋ ಅದರ ಮರುವರ್ಷವೋ ಇರಬೇಕು. ಮೈಸೂರಿನ ಎಲೆಕ್ಟ್ರಿಕ್ ಅಂಗಡಿಯೊಂದರಲ್ಲಿ ಕೆಲಸ ಕಲಿತಿದ್ದೆ. ಅಂಗಡಿಯವರು ಈ ಕಡೆ ಹಿಡಿದ ಕಂಟ್ರಾಕ್ಟುಗಳನ್ನೆಲ್ಲ ನನ್ನ ತಲೆಗೇ ಕಟ್ಟುತ್ತಿದ್ದರು. ಕೃಷ್ಣರಾಜನಗರದ ಅಕ್ಕಿ ಗಿರಣಿ, ಪಿರಿಯಾಪಟ್ಟಣದ ಟೆಂಟ್ ಸಿನಿಮಾ, ಹೆಗ್ಗಡದೇವನಕೋಟೆಯ ಮರದ ಡಿಪೋ, ಎಲ್ಲಿ ತಂತಿ ಎಳೆಯಬೇಕೋ ಅಲ್ಲಿಗೆ ಏಣಿಯನ್ನು ಬಸ್ಸಿನ ತಲೆಯ ಮೇಲೆ ಹಾಕಿಕೊಂಡು ಹೋಗುತ್ತಿದ್ದೆ.

ಮನೆಯಲ್ಲಿ ನಾನು ಮತ್ತು ಅಕ್ಕ, ಇಬ್ಬರೇ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳನ್ನು ಕಟ್ಟೆಮಳಲವಾಡಿಗೆ ಕೊಟ್ಟಿತ್ತು. ಗಂಡ ತೀರಿಹೋದ ಮೇಲೆ ಅತ್ತೆಮನೆಯವರಿಗೆ ಅವಳು ಹೊಲದ ಕೆಲಸಕ್ಕೆ ಮಾತ್ರ ಸೊಸೆ, ಉಣ್ಣಲು ಕೂತರೆ ಹೊರಗಿನವಳು. ಒಂದು ದಿನ ಹೋಗಿ, ಜಗಳ ಆಡಿ, ಕರೆದುಕೊಂಡು ಬಂದುಬಿಟ್ಟೆ. ಸುಮ್ಮನೆ ಕೂರುವ ಜೀವ ಅಲ್ಲ ಅವಳದು. ಬಂದು ತಿಂಗಳಾಗುವಷ್ಟರಲ್ಲಿ ತಂಬಾಕಿನ ಗೋದಾಮಿಗೆ ಎಲೆ ವಿಂಗಡಿಸಲು ಹೋಗತೊಡಗಿದಳು.

ಆ ಗೋದಾಮು ಪೇಟೆ ಬೀದಿಯಲ್ಲೇ ಇತ್ತು. ಮುಂದುಗಡೆ ಲೆಕ್ಕ ಬರೆಯುವ ರೈಟರು ಕೂರುವ ಕೋಣೆ, ಅದರ ಪಕ್ಕ ಹೆಂಗಸರು ಎಲೆ ವಿಂಗಡಿಸುವ ಉದ್ದನೆಯ ಹೆಂಚಿನ ಹಜಾರ, ಅದರಾಚೆ ಮೂಟೆಗಳ ಕೊಠಡಿ, ಹಿಂದುಗಡೆ ಸಾಹುಕಾರರ ಮನೆ. ಹದ ಮಾಡಿದ ವರ್ಜೀನಿಯಾ ಸೊಪ್ಪು ಸುತ್ತಲ ಹಳ್ಳಿಗಳಿಂದ ಗಾಡಿಗಳಲ್ಲಿ ಬರುತ್ತಿತ್ತು. ಹೆಂಗಸರು ಗೋಣಿ ಹಾಸಿಕೊಂಡು ಕೂತು ಬಣ್ಣ ನೋಡಿ ನೋಡಿ ಎಲೆ ಬೇರೆ ಮಾಡಿ ಕಟ್ಟು ಕಟ್ಟಬೇಕು. ಸಂಜೆ ಬಿಡುವಾಗ ರೈಟರ ಹೆಂಡತಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮಡಿಲು ತಡಕಿ ಕಳಿಸುತ್ತಿದ್ದಳು. ಎಲೆಯಡಿಕೆಗೆಂದು ಒಂದು ಚೂರು ಹೊಗೆಸೊಪ್ಪು ಸೆರಗಿನಲ್ಲಿ ಗಂಟು ಹಾಕಿಕೊಂಡರೆ ಸಾಹುಕಾರರ ವಂಶ ಮುಳುಗಿಹೋಗುತ್ತಿತ್ತಲ್ಲ, ಅದಕ್ಕೆ!

ಸಾಹುಕಾರರನ್ನು ಊರೇ ಕೊಂಡಾಡುತ್ತಿತ್ತು. ಹಣೆ ತುಂಬ ವಿಭೂತಿ, ಮೃದುವಾದ ಮಾತು, ಯಾರಿಗೂ ಕೈ ಎತ್ತಿದವರಲ್ಲ. ಪ್ರತಿ ಶುಕ್ರವಾರ ಸಂಜೆ ತಕ್ಕಡಿಗೆ ಪೂಜೆ ಮಾಡಿ, ಧೂಪದ ಹರಿವಾಣ ಹಿಡಿದು, ಮನೆ ಕಡೆಯ ಬಾಗಿಲಿನಿಂದ ಒಳಗೆ ಬಂದು, ಹಜಾರದ ಈ ತುದಿಯಿಂದ ಆ ತುದಿಗೆ ಲೋಬಾನದ ಹೊಗೆ ಹಾಕುತ್ತಿದ್ದರು. ಅವರು ಊರಲ್ಲಿಲ್ಲದ ದಿನ ಅವರ ಮುದುಕಿ ತಾಯಿ ಹಾಕುತ್ತಿದ್ದರು. ಹೆಂಗಸರು ಕೈಲಿದ್ದ ಎಲೆ ಕೆಳಗಿಟ್ಟು, ಎದ್ದು ನಿಂತು, ಕಣ್ಣು ಮುಚ್ಚಿ ಕೈ ಮುಗಿಯುವುದು ಅಲ್ಲಿನ ಪದ್ಧತಿ.

ಆ ವರ್ಷ ವಿಮೆಯವರು ತಕರಾರು ತೆಗೆದರು. ಬೆಂಕಿಯ ಸುಳಿವು ಕೊಡುವ ಯಂತ್ರ ಇಲ್ಲದಿದ್ದರೆ ಸರಕಿಗೆ ವಿಮೆ ಇಲ್ಲ ಎಂದರು. ಸಾಹುಕಾರರು ಬೊಂಬಾಯಿಯಿಂದ ಯಂತ್ರ ತರಿಸಿದರು. ಕೂರಿಸಲು ನನ್ನನ್ನು ಕರೆಸಿದರು. ನಾವು ಅದನ್ನು ಹೊಗೆಗಣ್ಣು ಎಂದು ಕರೆದೆವು. ಒಂದು ಗೋಡೆಯಲ್ಲಿ ದೀಪದ ಡಬ್ಬಿ, ಎದುರು ಗೋಡೆಯಲ್ಲಿ ಆ ಬೆಳಕು ಬೀಳುವ ಕಣ್ಣು. ನಡುವೆ ಹೊಗೆ ಬಂದು ಬೆಳಕು ಮಂಕಾದರೆ ಯಂತ್ರ ಕೂಗುತ್ತದೆ. ಅದು ಬೆಂಕಿಯ ಹೊಗೆಯೋ ಬೇರೆ ಹೊಗೆಯೋ ಎಂದು ಅದು ಕೇಳುವುದಿಲ್ಲ.

ಕೂರಿಸುವ ಜಾಗ ಹುಡುಕುವುದೇ ಆ ಕೆಲಸದ ಮುಕ್ಕಾಲು ಪಾಲು. ಹೆಂಚಿನ ಮಾಡಿನಲ್ಲಿ ತೀರಾ ನೆತ್ತಿಗೆ ಇಟ್ಟರೆ ಹೊಗೆ ಹೆಂಚಿನ ಸಂದಿಯಲ್ಲಿ ಸೋರಿ ಹೋಗುತ್ತದೆ. ಗೋಡೆಯ ಮೂಲೆಗೆ ಇಟ್ಟರೆ ಅಲ್ಲಿಗೆ ಹೊಗೆ ಬರುವುದೇ ತಡ. ತೆಂಗಿನ ನಾರು ಹೊಗೆಯಾಡಿಸಿಕೊಂಡು ಹಜಾರವೆಲ್ಲ ಸುತ್ತಿದೆ, ಏಣಿ ಹತ್ತಿ ಇಳಿದು ನೋಡಿದೆ. ಅಕ್ಕ ಕೂತಲ್ಲಿಂದಲೇ ಕೆಮ್ಮುತ್ತಾ, "ಸಾಕು ಕಣ್ಲಾ, ನಮ್ಮನ್ನೇ ಬೇಯಿಸ್ತೀಯೇನ್ಲಾ" ಎಂದು ನಕ್ಕಳು. ಕೊನೆಗೆ ತೊಲೆಗಳಿಗಿಂತ ಒಂದು ಮೊಳ ಕೆಳಗೆ, ಹಜಾರದ ಉದ್ದಕ್ಕೂ ಬೆಳಕು ಹಾಯುವಂತೆ ಇಟ್ಟೆ. ಜಾಗ ಸರಿಯಾಗೇ ಇತ್ತು. ಇವತ್ತಿಗೂ ಹೇಳುತ್ತೇನೆ, ಅದು ಸರಿಯಾದ ಜಾಗ.

ತಕರಾರು ಬಂದದ್ದು ಸದ್ದಿನದು. ಯಂತ್ರದ ಜೊತೆ ಬಂದದ್ದು ಸೈರನ್. ಒಮ್ಮೆ ಕೂಗಿಸಿ ತೋರಿಸಿದೆ. ಸಾಹುಕಾರರ ತಾಯಿ ಒಳಗಿನಿಂದ ಓಡಿಬಂದು ಎದೆ ಹಿಡಿದುಕೊಂಡರು.

"ಲಕ್ಷ್ಮಿ ಇರೋ ಜಾಗ ಕಣಪ್ಪ, ಇಲ್ಲಿ ಹಿಂಗೆ ಊಳಿಡಿಸಬಾರದು" ಎಂದರು ಸಾಹುಕಾರರು. "ಇದನ್ನ ತೆಗುದು ಒಂದು ಗಂಟೆ ಹಾಕ್ಬುಡು. ಬೀದಿ ಕಡೆಗೆ, ಬಾಗಿಲ ಮೇಲೆ ಹಾಕು. ಲಕ್ಷಣವಾಗಿರಲಿ."

ಹಾಕಿದೆ. ಹಿತ್ತಾಳೆ ಬಟ್ಟಲಿನ ದೊಡ್ಡ ಎಲೆಕ್ಟ್ರಿಕ್ ಗಂಟೆ, ಸ್ಕೂಲಿನದಕ್ಕಿಂತ ಜೋರು. ಮೊದಲ ಶುಕ್ರವಾರವೇ ಆಗಬೇಕಾದದ್ದು ಆಯಿತು. ಸಾಹುಕಾರರು ಲೋಬಾನದ ಹೊಗೆ ಹಾಕುತ್ತಾ ಹಜಾರದ ನಡುವಿಗೆ ಬಂದರು, ಗಂಟೆ ಢಣಢಣ ಹೊಡೆದುಕೊಂಡಿತು. ಅವರಿಗೆ ಮೈ ಜುಮ್ಮೆಂದಿರಬೇಕು. ಕಣ್ಣಲ್ಲಿ ನೀರು ತಂದುಕೊಂಡು, "ನೋಡಪ್ಪ, ಯಂತ್ರಕ್ಕೂ ಭಕ್ತಿ ಬಂದ್ಬುಡ್ತು" ಎಂದರು. ನಾನು ಅದಲ್ಲ ಬುದ್ಧಿ, ಹೊಗೆಗೆ ಹೊಡೆದದ್ದು ಎಂದೆ. ಅವರಿಗೆ ಅದು ಬೇಕಿರಲಿಲ್ಲ.

ಆಮೇಲೆ ಅದು ಊರಿನ ಶುಕ್ರವಾರದ ಗಂಟೆಯೇ ಆಗಿಹೋಯಿತು. ಗಂಟೆ ಹೊಡೆದರೆ ಎದುರು ಹೋಟೆಲಿನವನು ದೋಸೆ ತಿರುವುವುದನ್ನು ಬಿಟ್ಟು ಕೈ ಮುಗಿಯುತ್ತಿದ್ದ. ಬಟ್ಟೆ ಅಂಗಡಿಯವರು ಗಿರಾಕಿಯ ಎದುರೇ ಎದ್ದು ನಿಲ್ಲುತ್ತಿದ್ದರು. ಗಾಡಿ ಹೊಡೆಯುವವರು ಹಗ್ಗ ಜಗ್ಗಿ ಎತ್ತು ನಿಲ್ಲಿಸಿ ಕೆನ್ನೆ ತಟ್ಟಿಕೊಳ್ಳುತ್ತಿದ್ದರು. ಬೆಂಕಿಗೆಂದು ಹಾಕಿದ ಗಂಟೆಗೆ ಜನ ಭಕ್ತಿ ಕಲಿತರು. ನೋಡುತ್ತಾ ನಿಂತರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋಗಿ ಹೇಳಿದೆ, ಒಂದು ಸಲ ಅಲ್ಲ. ಧೂಪ ಹಾಕುವಾಗ ಯಂತ್ರ ನಿಲ್ಲಿಸಿ ಎಂದೆ. ದೇವರ ಹೊತ್ತಿನಲ್ಲಿ ಗಂಟೆ ನಿಲ್ಲಿಸಬಾರದಂತೆ. ಹಾಗಾದರೆ ಗಂಟೆ ಪೂಜೆಗೇ ಇರಲಿ, ಯಂತ್ರಕ್ಕೆ ಸೈರನ್ನೇ ಹಾಕೋಣ ಎಂದೆ. ತಾಯಿಗೆ ಆಗುವುದಿಲ್ಲವಂತೆ. ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದು ಆಯಿತು. ಮೊದಲೆಲ್ಲ ಹಜಾರದ ಬೀದಿ ಬಾಗಿಲಿಗೆ ಬರಿ ಚಿಲಕ ಇರುತ್ತಿತ್ತು, ಮನೆ ಕಡೆಯದಂತೂ ತೆರೆದೇ ಇರುತ್ತಿತ್ತು. ಯಂತ್ರ ಬಂದ ಮೇಲೆ, ಎಲೆ ಕದ್ದು ಆಚೆ ಹೋಗಬಾರದೆಂದು, ಕೆಲಸದ ಹೊತ್ತಿನಲ್ಲಿ ಎರಡಕ್ಕೂ ಹೊರಗಿನಿಂದ ಬೀಗ ಬಿತ್ತು.

"ಒಳಗೆ ಹೆಂಗಸ್ರವ್ರೆ ಬುದ್ಧಿ, ಏನಾದ್ರೂ ಆದ್ರೆ?" ಎಂದು ಕೇಳಿದೆ.

"ಏನಾದ್ರೂ ಆದ್ರೆ ನಿನ್ನ ಗಂಟೆ ಹೊಡೀತದಲ್ಲಪ್ಪ" ಎಂದರು ಸಾಹುಕಾರರು, ತಾಳ್ಮೆಯಿಂದ. "ಹೊಡುದ್ರೆ ರೈಟ್ರು ಓಡ್ಬಂದು ಬೀಗ ತೆಗೀತಾರೆ. ಅದಕ್ಕೇ ಅಲ್ವಾ ಹಾಕ್ಸಿರೋದು?"

ಗಂಟೆ ಇದೆ ಎಂದು ಬೀಗ ಹಾಕಿದರು. ಯಾರನ್ನು ಹಿಡಿದು ಕೇಳಿದರೂ ಸಾಹುಕಾರರು ದೇವರಂಥವರು ಎನ್ನುತ್ತಿದ್ದರು. ಮನೆಗೆ ಬಂದು ಅಕ್ಕನಿಗೆ, ನಾಳೆಯಿಂದ ಅಲ್ಲಿಗೆ ಹೋಗಬೇಡ ಎಂದೆ.

"ಹೋಗ್ದೆ ಏನ್ ಮಾಡ್ಲಿ, ಗೋಡೆ ನೋಡ್ಕಂಡು ಕೂತ್ಕಳ್ಳಾ?" ಎಂದಳು. "ಅಲ್ಲಿ ನಾಕ್ ಜನ ಅವ್ರೆ, ಮಾತಾಡ್ತೀವಿ, ನಗ್ತೀವಿ. ಅತ್ತೆ ಮನೇಲಿ ನಗಕ್ಕೂ ಬುಡ್ತಿರ್ನಿಲ್ಲ ಕಣ್ಲಾ."

ಆಮೇಲೆ ಹೋಗಬೇಡ ಎನ್ನುವುದನ್ನು ಬಿಟ್ಟೆ.

ಮಳೆಗಾಲದ ಕೊನೆ. ಸೋನೆ ಹಿಡಿದುಕೊಂಡಿತ್ತು. ಎಲೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆಂದು ಹಜಾರದ ಮೂಲೆಯಲ್ಲಿ ಇದ್ದಿಲ ಒಲೆ ಇಟ್ಟಿದ್ದರು, ತೇವದ ಗಾಳಿ ಬರಬಾರದೆಂದು ಕಿಟಕಿಗಳಿಗೆ ಗೋಣಿ ಬಡಿದಿದ್ದರು. ಆ ಶುಕ್ರವಾರ ಮಧ್ಯಾಹ್ನ ನಾನು ಬಸ್ ನಿಲ್ದಾಣದಲ್ಲಿ ಹೆಗ್ಗಡದೇವನಕೋಟೆ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಸಾಹುಕಾರರ ಕಾರು ಮುಂದೆಯೇ ಹಾದುಹೋಯಿತು. ಸಾಹುಕಾರರು, ಹೆಂಡತಿ, ಮಕ್ಕಳು, ಕಿಟಕಿ ಪಕ್ಕ ಮುದುಕಿ ತಾಯಿ, ಎಲ್ಲರೂ ತುಂಬಿಕೊಂಡು ನಂಜನಗೂಡಿಗೆ ಹೊರಟಿದ್ದರು. ತಾಯಿಯೂ ಹೋಗುವುದು ಕಡೇ ಗಳಿಗೆಯಲ್ಲಿ ನಿಶ್ಚಯವಾಯಿತಂತೆ. ರೈಟರು ಆ ಹೊತ್ತಿನಲ್ಲಿ ಅಂಚೆ ಕಚೇರಿಗೆ ಹೋಗಿದ್ದ. ಅವನ ಪಾಲಿಗೆ ಮುದುಕಿ ಮನೆಯಲ್ಲೇ ಇದ್ದಳು.

ಬಸ್ಸು ಬರಲಿಲ್ಲ. ಕಾದು ಕಾದು ಸಾಕಾಗಿ ಪೇಟೆ ಬೀದಿಗೆ ವಾಪಸಾದೆ. ಅಕ್ಕನ ಕೆಲಸ ಬಿಡುವ ಹೊತ್ತು, ಜೊತೆಗೆ ಹೋಗೋಣ ಎಂದುಕೊಂಡೆ. ಬೀದಿಯ ಈ ತುದಿಯಲ್ಲಿದ್ದಾಗ ಗಂಟೆ ಹೊಡೆಯಿತು.

ಬೀದಿಯೆಲ್ಲ ನಿಂತಿತು. ಹೋಟೆಲಿನವನು ಕೈ ಮುಗಿದ. ಗಾಡಿಗಳು ನಿಂತವು. ನನಗೆ ಮಾತ್ರ ಕಾರಿನ ಕಿಟಕಿಯಲ್ಲಿ ಕಂಡ ಮುದುಕಿಯ ಮುಖ ಕಣ್ಣಿಗೆ ಕಟ್ಟಿತು. ಮನೆಯಲ್ಲಿ ಧೂಪ ಹಾಕುವವರು ಯಾರೂ ಇಲ್ಲ.

ಓಡಿದೆ. "ಬೆಂಕಿ! ಬೆಂಕಿ ಬಿದ್ದದೆ, ಬರ್ರೋ!" ಎಂದು ಕಿರುಚಿದೆ. ಯಾರೋ ದೊಡ್ಡವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ಏಯ್, ಪೂಜೆ ಕಣಪ್ಪ. ಯಾಕಂಗೆ ಅಪಶಕುನ ಮಾತಾಡ್ತೀಯಾ? ಕೈ ಮುಗಿ ಮೊದ್ಲು" ಎಂದು ಗದರಿದರು.

ಅವರನ್ನು ತಳ್ಳಿ ಓಡಿದೆ. ಗೋದಾಮಿನ ಜಗಲಿಯಲ್ಲಿ ರೈಟರು ನಿಂತಿದ್ದ. ನೇರ ಗಂಟೆಯ ಕೆಳಗೆ, ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು, ಬೀಗದ ಕೈ ಸಿಕ್ಕಿಸಿಕೊಂಡ ಬೆರಳುಗಳನ್ನೇ ಜೋಡಿಸಿ ಕೈ ಮುಗಿದು ನಿಂತಿದ್ದ. ಬಾಗಿಲು ಒಳಗಿನಿಂದ ಅದುರುತ್ತಿತ್ತು. ಹೆಂಗಸರು ಬಡಿಯುತ್ತಿದ್ದರು. ಒಂದು ಮಾರು ದೂರದಲ್ಲಿದ್ದವನಿಗೆ ಅದು ಕೇಳಿಸಲಿಲ್ಲ. ಲಕ್ಷಣವಾಗಿರಲಿ ಎಂದು ಬಾಗಿಲ ಮೇಲೇ ಹಾಕಿಸಿದ ಗಂಟೆ ಅಷ್ಟು ಜೋರಾಗಿ ಹೊಡೆಯುತ್ತಿತ್ತು.

ಬೀಗದ ಕೈ ಕಿತ್ತುಕೊಂಡು ತೆಗೆದೆ. ಹೊಗೆ ಮುಖಕ್ಕೆ ರಾಚಿತು. ಬಾಗಿಲ ಹತ್ತಿರ ಇದ್ದವರು ಒಬ್ಬರ ಮೇಲೊಬ್ಬರು ಹೊರಗೆ ಬಿದ್ದರು. ಅಕ್ಕ ಅವರಲ್ಲಿರಲಿಲ್ಲ. ಒಲೆ ಇದ್ದ ಮೂಲೆಯ ಗೋಣಿ ಧಗಧಗ ಉರಿಯುತ್ತಿತ್ತು. ತೆವಳಿಕೊಂಡು ಒಳಗೆ ಹೋಗಿ ಸಿಕ್ಕಿದ ಕಾಲು ಹಿಡಿದು ಎಳೆದೆ. ಅದು ಅಕ್ಕನ ಕಾಲು ಎಂದು ಬೀದಿಗೆ ತಂದ ಮೇಲೇ ಗೊತ್ತಾದದ್ದು. ಆ ಹೊತ್ತಿಗೆ ಕೈ ಮುಗಿದವರೆಲ್ಲ ಓಡಿ ಬಂದಿದ್ದರು. ಕೆಲವರು ನೀರು ತಂದರು. ಕೆಲವರು ಪಕ್ಕದ ಕೊಠಡಿಯಿಂದ ಸಾಹುಕಾರರ ಮೂಟೆ ಹೊರಗೆ ಹೊತ್ತರು. ಗಂಟೆ ಹೊಡೆಯುತ್ತಲೇ ಇತ್ತು. ಏಣಿಗೆ ಕಾಯದೆ ಒಂದು ಬಡಿಗೆಯಿಂದ ಹೊಡೆದು ಅದನ್ನು ಉರುಳಿಸಿದೆ.

ಸಾಹುಕಾರರು ಮಾರನೆಯ ದಿನ ಬಂದರು. ಅತ್ತರು, ಸುಳ್ಳು ಹೇಳಬಾರದು. ಸುಟ್ಟ ಕೈಯವರನ್ನು ಮೈಸೂರಿನ ಆಸ್ಪತ್ರೆಗೆ ತಮ್ಮ ಕಾರಿನಲ್ಲೇ ಕಳಿಸಿದರು. ವಿಮೆಯವರು ಬಂದು ಯಂತ್ರ ನೋಡಿ, ಹೊಗೆ ಕಂಡ ಕೂಡಲೇ ಗಂಟೆ ಹೊಡೆದಿದೆ, ಯಂತ್ರದಲ್ಲಿ ಕುಂದಿಲ್ಲ ಎಂದರು. ಹೌದು, ಕುಂದಿರಲಿಲ್ಲ. ಹಜಾರಕ್ಕೆ ಹೊಸ ಹೆಂಚು ಹೊದೆಸಿದ ಮೇಲೆ ಸಾಹುಕಾರರು ನನ್ನನ್ನು ಮತ್ತೆ ಕರೆಸಿದರು. ಈ ಸಲವಾದರೂ ಸೈರನ್ ಕೇಳುತ್ತಾರೇನೋ ಎಂದುಕೊಂಡು ಹೋದೆ.

"ಗಂಟೇನೇ ಇರ್ಲಿ ಕಣಪ್ಪ" ಎಂದರು. "ಊರಿಗೆ ಅಭ್ಯಾಸ ಆಗ್ಬುಟ್ಟದೆ. ಶುಕ್ರವಾರ ಗಂಟೆ ಇಲ್ದೆ ಬೀದಿ ಬಿಕೋ ಅಂತದೆ ಅಂತಾರೆ ಜನ."

ನಾನು ಅವರ ಮುಖಕ್ಕೆ ಉಗಿಯಲಿಲ್ಲ. ಉಗಿಯಬೇಕಿತ್ತು. ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಬಂದುಬಿಟ್ಟೆ. ಬೇರೆಯವನು ಸಿಕ್ಕಿದ, ಹಾಕಿದ. ಮುಂದೆ ಎಷ್ಟೋ ವರ್ಷ ಆ ಗಂಟೆ ಹೊಡೆಯಿತು, ಊರು ಕೈ ಮುಗಿಯಿತು.

ಅಕ್ಕನ ಮೈ ಹೆಚ್ಚು ಸುಟ್ಟಿರಲಿಲ್ಲ. ಒಳಗೆ ಹೋದ ಹೊಗೆ ಹೊರಗೆ ಬರಲಿಲ್ಲ. ದನಿ ಹೋಗಿ ಪಿಸುಮಾತು ಉಳಿಯಿತು. ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಹಿಡಿದು ಕೂರುತ್ತಿದ್ದಳು. ಮುಂದಿನ ಮಳೆಗಾಲ ದಾಟಲಿಲ್ಲ. ಹೋಗುವ ಮುಂಚೆ ಒಂದು ಮಧ್ಯಾಹ್ನ, ಹಿತ್ತಲಿನ ಬಿಸಿಲಿಗೆ ಕೂರಿಸಿದ್ದಾಗ, ನಾನು ಕೇಳದೇ ಇದ್ದದ್ದನ್ನು ತಾನಾಗಿ ಹೇಳಿದಳು. ಕಿವಿಯನ್ನು ಅವಳ ಬಾಯಿಗೆ ಹಿಡಿದು ಕೇಳಿಸಿಕೊಳ್ಳಬೇಕಾಗಿತ್ತು.

"ಗಂಟೆ ಹೊಡುದಾಗ ಬೆಂಕಿ ಇನ್ನೂ ಒಂದು ಹಿಡಿ ಇತ್ತು ಕಣ್ಲಾ" ಎಂದಳು. "ಒಂದು ಚೆಂಬು ನೀರ್ನಾಗೆ ಆರೋಗೋದು. ಅದು ನನ್ನ ಬೆನ್ನ ಹಿಂದ್ಲೇ ಇತ್ತು."

"ನೋಡ್ನಿಲ್ವಾ ಅಕ್ಕಾ?"

"ಎಂಗ್ ನೋಡಾದು? ಎಲೆ ಕೆಳಗಿಟ್ಟು, ಎದ್ದು ನಿಂತ್ಕಂಡು, ಎಲ್ರೂ ಕಣ್ಣು ಮುಚ್ಕಂಡು ಕೈ ಮುಗ್ಕಂಡಿದ್ವಿ."